ಹಲ್ಲಿನ ಗುರುತು

2010ರ ಮೇ 22ರ ಮುಂಜಾನೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆ ನಿಲ್ದಾಣದ ರನ್‌ವೇ ದಾಟಿ ಕಣಿವೆಗೆ ಉರುಳಿ ಹೊತ್ತಿ ಉರಿಯಿತು. ಅದರಲ್ಲಿದ್ದ 166 ಮಂದಿಯ ಪೈಕಿ 158 ಮಂದಿ ಮೃತಪಟ್ಟರು. ಸುಟ್ಟು ಕರಕಲಾದ ಶವಗಳ ಪೈಕಿ ಕೆಲವನ್ನು ಗುರುತಿಸಲು ಹೈದರಾಬಾದಿನಲ್ಲಿ ಡಿಎನ್‌ಎ ಪರೀಕ್ಷೆ ನಡೆಸಬೇಕಾಯಿತು. ಆಗಲೂ ಹನ್ನೆರಡು ಶವಗಳು ಯಾರವೆಂದು ತಿಳಿಯಲಿಲ್ಲ. ಅವುಗಳನ್ನು ಕೂಳೂರಿನ ಬಳಿ ಮಣ್ಣು ಮಾಡಲಾಯಿತು.

ಇಂಥ ದುರಂತಗಳಲ್ಲಿ ಮುಖ, ಬೆರಳಚ್ಚು ಎರಡೂ ಅಳಿದಾಗ ನೆರವಿಗೆ ಬರುವುದು ಹಲ್ಲು. ಹಲ್ಲಿನ ಮೇಲ್ಪದರವಾದ ಎನಾಮಲ್ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು. ಅದರ ತೂಕದಲ್ಲಿ ಸುಮಾರು ಶೇಕಡ 96 ಭಾಗ ಖನಿಜ. ತುಟಿ, ಕೆನ್ನೆ, ನಾಲಿಗೆಗಳೂ ಬೆಂಕಿಯಿಂದ ಅದಕ್ಕೆ ಸ್ವಲ್ಪ ಹೊತ್ತು ರಕ್ಷಣೆ ಕೊಡುತ್ತವೆ. ಅಂತರರಾಷ್ಟ್ರೀಯ ಪೊಲೀಸ್ ಸಂಸ್ಥೆ ಇಂಟರ್‌ಪೋಲ್ ಒಪ್ಪುವ ಮೂರು ಮುಖ್ಯ ಗುರುತುಗಳು ಬೆರಳಚ್ಚು, ಡಿಎನ್‌ಎ ಮತ್ತು ಹಲ್ಲು.

ಹುಳುಕಿಲ್ಲದ ಹಲ್ಲಿಗಿಂತ ವೈದ್ಯರ ಕೈ ಸೋಕಿದ ಹಲ್ಲೇ ಇಲ್ಲಿ ಹೆಚ್ಚು ಮಾತನಾಡುತ್ತದೆ. ಹುಳುಕು ಕೊರೆದು ತುಂಬಿದ ಸಿಮೆಂಟು ಅಥವಾ ಬೆಳ್ಳಿ, ಬೇರಿನ ಚಿಕಿತ್ಸೆ, ಕ್ಯಾಪು, ಕಟ್ಟಿಸಿದ ಹಲ್ಲು ಇವೆಲ್ಲ ಕೈಕೆಲಸ. ಒಂದರ ಅಂಚು ಇನ್ನೊಂದರಂತೆ ಇರುವುದಿಲ್ಲ. ಬದುಕಿದ್ದಾಗ ತೆಗೆದ ಎಕ್ಸ್‌ರೇಯನ್ನು ಶವದ ಎಕ್ಸ್‌ರೇ ಪಕ್ಕದಲ್ಲಿಟ್ಟು ತಜ್ಞರು ಹೋಲಿಸುತ್ತಾರೆ. ಹಳೆಯ ದಾಖಲೆಯಲ್ಲಿಲ್ಲದ ಫಿಲ್ಲಿಂಗ್ ಶವದಲ್ಲಿದ್ದರೆ ಅಡ್ಡಿಯಿಲ್ಲ, ಅದನ್ನು ಆಮೇಲೆ ಮಾಡಿಸಿರಬಹುದು. ಆದರೆ ಕಿತ್ತದ್ದೆಂದು ದಾಖಲಾದ ದವಡೆಹಲ್ಲು ಶವದಲ್ಲಿ ಗಟ್ಟಿಯಾಗಿ ನಿಂತಿದ್ದರೆ, ದಾಖಲೆ ಸರಿಯಿರುವ ಪಕ್ಷದಲ್ಲಿ ಆತ ಬೇರೆ ವ್ಯಕ್ತಿ.

ಈ ವಿದ್ಯೆ ಹೊಸದಲ್ಲ. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ 1775ರಲ್ಲಿ ಮಡಿದ ಜೋಸೆಫ್ ವಾರನ್‌ರ ಶವವನ್ನು ಮರುವರ್ಷ ಅಗೆದು ತೆಗೆದಾಗ, ತಾನೇ ತಂತಿಯಿಂದ ಕಟ್ಟಿದ್ದ ಕೃತಕ ಹಲ್ಲನ್ನು ಕಂಡು ಗುರುತಿಸಿದವನು ಪಾಲ್ ರೆವೀರ್. 1897ರಲ್ಲಿ ಪ್ಯಾರಿಸ್ಸಿನ ದತ್ತಿ ಸಂತೆಯೊಂದರಲ್ಲಿ ಬೆಂಕಿ ಬಿದ್ದಾಗಲೂ ಕೆಲವು ಶವಗಳ ಗುರುತು ಹಿಡಿದದ್ದು ಅವರವರ ದಂತವೈದ್ಯರೇ.

ಎರಡೂ ಕಡೆ ಕೆಲಸಕ್ಕೆ ಬಂದದ್ದು ವೈದ್ಯರ ನೆನಪು ಅಥವಾ ದಾಖಲೆ. ನಮ್ಮಲ್ಲಿನ ತೊಡಕೂ ಅದೇ. ಬೆಂಗಳೂರಿನ ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರಗಳಲ್ಲಿ ಹಲ್ಲಿನ ಕ್ಲಿನಿಕ್ಕುಗಳಿಗೆ ಬರವಿಲ್ಲ. ಯಲಹಂಕದಾಚೆ ಹುಣಸಮಾರನಹಳ್ಳಿಯಲ್ಲಿ ದಂತವೈದ್ಯಕೀಯ ಕಾಲೇಜೇ ಇದೆ. ಆದರೆ ನೋವು ಹೋದ ಮೇಲೆ ಚೀಟಿಯನ್ನೂ ಎಕ್ಸ್‌ರೇಯನ್ನೂ ಜೋಪಾನ ಮಾಡುವವರು ಎಷ್ಟು ಮಂದಿ? ಹೋಲಿಸಲು ಹಳೆಯ ದಾಖಲೆ ಇಲ್ಲದಿದ್ದರೆ ಎಂಥ ತಜ್ಞರೂ ನಿಸ್ಸಹಾಯಕರು. ಮನೆಪತ್ರ, ಪಡಿತರ ಚೀಟಿಗಳಿರುವ ಪೆಟ್ಟಿಗೆಯಲ್ಲಿ ಮನೆಮಂದಿಯ ಹಲ್ಲಿನ ಎಕ್ಸ್‌ರೇಗೂ ಒಂದಿಷ್ಟು ಜಾಗ ಕೊಡುವುದು ಒಳ್ಳೆಯದು.