ಕನ್ನಡಕ ಬಿಡಿಸುವ ಲೇಸರ್: ಮೊದಲು ತಿಳಿಯಬೇಕಾದದ್ದು

ದೃಷ್ಟಿದೋಷಕ್ಕೆ ಮಾಡುವ ಲೇಸರ್ ಶಸ್ತ್ರಚಿಕಿತ್ಸೆ ಕಣ್ಣಿನ ಒಂದೇ ಒಂದು ಭಾಗವನ್ನು ಮುಟ್ಟುತ್ತದೆ: ಕಾರ್ನಿಯಾ. ಕರಿಗುಡ್ಡೆಯ ಮುಂದಿರುವ ಈ ಪಾರದರ್ಶಕ ಪದರ ನಡುಭಾಗದಲ್ಲಿ ಸುಮಾರು 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸುವೇ ಹೆಚ್ಚು ದಪ್ಪ. ಅದರಲ್ಲಿ ರಕ್ತನಾಳಗಳಿಲ್ಲ, ನರದ ತುದಿಗಳು ಮಾತ್ರ ಒತ್ತೊತ್ತಾಗಿವೆ. ಬೆಳಕನ್ನು ಬಾಗಿಸುವ ಕಣ್ಣಿನ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರ್. ಅದರಲ್ಲಿ 43ರಷ್ಟು ಕಾರ್ನಿಯಾದ್ದೇ. ಅದರ ಬಾಗು ಕೂದಲೆಳೆಯಷ್ಟು ಬದಲಾದರೂ ಕಾಣುವ ರೀತಿ ಬದಲಾಗುತ್ತದೆ.

ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಉದ್ದವಿರುತ್ತದೆ. ಒಂದು ಮಿಲಿಮೀಟರ್ ಹೆಚ್ಚು ಬೆಳೆದರೆ ಬೆಳಕು ಅಕ್ಷಿಪಟಲದ ಮುಂದೆಯೇ ಕೂಡಿಕೊಂಡು, ಎರಡೂವರೆಯಿಂದ ಮೂರು ಡಯಾಪ್ಟರ್‌ನಷ್ಟು ಮೈನಸ್ ಪವರ್ ಬರುತ್ತದೆ. ಇದು ಸಮೀಪದೃಷ್ಟಿ, ಹತ್ತಿರದ್ದು ಕಾಣುತ್ತದೆ, ದೂರದ್ದು ಮಸುಕು. ಕಣ್ಣುಗುಡ್ಡೆ ಗಿಡ್ಡವಾದರೆ ಪ್ಲಸ್ ಪವರ್, ಕಾರ್ನಿಯಾದ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇರದಿದ್ದರೆ ಸಿಲಿಂಡರ್ ಪವರ್. ಲೇಸರ್ ಕಣ್ಣುಗುಡ್ಡೆಯ ಉದ್ದವನ್ನು ಬದಲಿಸುವುದಿಲ್ಲ. ಮೈನಸ್ ಪವರ್ ಇದ್ದವರ ಕಾರ್ನಿಯಾದ ನಡುವನ್ನು ತುಸು ಚಪ್ಪಟೆ ಮಾಡಿ, ಬೆಳಕು ಹಿಂದೆ ಸರಿದು ಅಕ್ಷಿಪಟಲದ ಮೇಲೆಯೇ ಬೀಳುವಂತೆ ಮಾಡುತ್ತದೆ. ಈ ವ್ಯತ್ಯಾಸ ತಿಳಿದವರಿಗೆ ಚಿಕಿತ್ಸೆಯ ಮಿತಿಯೂ ಅರ್ಧ ತಿಳಿದಂತೆ.

ಮುಂಬೈಯಲ್ಲಿ ಸಯಾನ್ ಮತ್ತು ಮಾಹಿಮ್ ನಡುವೆ, ಎರಡು ಚದರ ಕಿಲೋಮೀಟರಿಗೆ ತುಸು ಹೆಚ್ಚಿನ ಜಾಗದಲ್ಲಿ ಲಕ್ಷಗಟ್ಟಲೆ ಜನ ಬದುಕುವ ಧಾರಾವಿಗೆ ಈ ಮಿತಿಗಳು ಬೇರೆಡೆಗಿಂತ ಹೆಚ್ಚು ಮುಖ್ಯ. ತಮಿಳು, ಗುಜರಾತಿ, ಮರಾಠಿ, ಹಿಂದಿ, ಉರ್ದು ಮಾತಾಡುವವರ ಜೊತೆಗೆ ಕನ್ನಡದ ಕುಟುಂಬಗಳೂ ಇಲ್ಲಿವೆ. ಇಲ್ಲಿನ ಜರಿ ಕಸೂತಿ, ಹೊಲಿಗೆ, ಚರ್ಮದ ಚೀಲ ತಯಾರಿಕೆ ಎಲ್ಲವೂ ಕಣ್ಣಿನಿಂದ ಒಂದು ಮೊಳದೊಳಗೆ ನಡೆಯುವ ಕೆಲಸ. ಕುಂಭಾರವಾಡದಲ್ಲಿ ಮಡಕೆ ಸುಡುವ ಹೊಗೆ, 13ನೇ ಕಾಂಪೌಂಡ್‌ನಲ್ಲಿ ಪ್ಲಾಸ್ಟಿಕ್ ವಿಂಗಡಿಸಿ ಪುಡಿಮಾಡುವ ದೂಳು. ಇಲ್ಲಿನ ಯುವಕರಿಗೆ ಲೇಸರ್ ಬೇಕೇ ಎಂಬ ಪ್ರಶ್ನೆಯನ್ನು ಅವರ ಕಣ್ಣಿನ ಪವರ್ ಒಂದನ್ನೇ ನೋಡಿ ನಿರ್ಧರಿಸಲಾಗದು. ಅವರ ಕೆಲಸ, ವಯಸ್ಸು, ಕಾರ್ನಿಯಾದ ದಪ್ಪ ಮೂರನ್ನೂ ಕೇಳಬೇಕು.

ಕಾರ್ನಿಯಾವನ್ನು ತಿದ್ದಿ ಕನ್ನಡಕ ಬಿಡಿಸುವ ಯೋಚನೆ ಲೇಸರಿಗಿಂತ ಹಳೆಯದು. ಕೊಲಂಬಿಯಾದ ಬೊಗೊಟಾದಲ್ಲಿ ಹೋಸೆ ಬರಾಕೆರ್ 20ನೇ ಶತಮಾನದ ನಡುವಿನಲ್ಲೇ ಕಾರ್ನಿಯಾದ ಬಿಲ್ಲೆಯನ್ನು ಕೊರೆದು, ಆಕಾರ ಬದಲಿಸಿ ಮತ್ತೆ ಕೂರಿಸುತ್ತಿದ್ದರು. ಮಾಸ್ಕೋದಲ್ಲಿ ಸ್ವ್ಯಾತೊಸ್ಲಾವ್ ಫ್ಯೊದೊರೊವ್ 1970ರ ದಶಕದಲ್ಲಿ ಚಾಕುವಿನಿಂದ ಕಿರಣಗಳ ಆಕಾರದ ಸೀಳು ಹಾಕುವ ವಿಧಾನವನ್ನು ಹರಡಿದರು. ಎರಡರಲ್ಲೂ ಕೈಯ ನಿಖರತೆಗೆ ಒಂದು ಎಲ್ಲೆ ಇತ್ತು. ಅದನ್ನು ದಾಟಲು ದಾರಿ ತೋರಿದವರಲ್ಲಿ ಒಬ್ಬರು 1929ರಲ್ಲಿ ಮದರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್. ನ್ಯೂಯಾರ್ಕ್ ಬಳಿಯ ಐಬಿಎಂ ಸಂಶೋಧನಾ ಕೇಂದ್ರದಲ್ಲಿ ಅವರು, ಜೇಮ್ಸ್ ವಿನ್ ಮತ್ತು ಸ್ಯಾಮ್ಯುಯೆಲ್ ಬ್ಲಮ್ ಎಕ್ಸೈಮರ್ ಲೇಸರ್ ಮೇಲೆ ಕೆಲಸ ಮಾಡುತ್ತಿದ್ದರು. 1981ರ ನವೆಂಬರ್‌ನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡಿನ ಮೇಲೆ ಶ್ರೀನಿವಾಸನ್ 193 ನ್ಯಾನೊಮೀಟರ್‌ನ ಅತಿನೇರಳೆ ಕಿರಣ ಹಾಯಿಸಿದಾಗ, ಸುತ್ತಲಿನ ಭಾಗ ಸ್ವಲ್ಪವೂ ಸುಡದೆ ಚೊಕ್ಕವಾದ ಕೊರೆತ ಮೂಡಿತು. ಈ ಕಿರಣ ಅಣುಗಳ ಬಂಧವನ್ನೇ ಒಡೆದು ವಸ್ತುವನ್ನು ಹಾರಿಸಿಬಿಡುತ್ತದೆ. ಶಾಖ ಪಕ್ಕಕ್ಕೆ ಹರಡಲು ಸಮಯವೇ ಇರುವುದಿಲ್ಲ. ಒಂದು ಮಿಡಿತಕ್ಕೆ ಕಾಲು ಮೈಕ್ರಾನಿನಷ್ಟು ಮಾತ್ರ ಕಾರ್ನಿಯಾ ಹೋಗುತ್ತದೆ. ನೇತ್ರತಜ್ಞ ಸ್ಟೀಫನ್ ಟ್ರೋಕೆಲ್ 1983ರಲ್ಲಿ ಶ್ರೀನಿವಾಸನ್ ಅವರೊಡನೆ ಇದನ್ನು ಕಣ್ಣಿಗೆ ಅನ್ವಯಿಸುವ ಲೇಖನ ಪ್ರಕಟಿಸಿದರು. 1988ರಲ್ಲಿ ಮಾರ್ಗರೀಟ್ ಮೆಕ್‌ಡೊನಾಲ್ಡ್ ನೋಡುವ ಕಣ್ಣೊಂದಕ್ಕೆ ಮೊದಲ ಚಿಕಿತ್ಸೆ ನಡೆಸಿದರು. 1995ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಸಿಕ್ಕಿತು.

ಈಗ ಬಳಕೆಯಲ್ಲಿರುವ ವಿಧಾನಗಳು ಮುಖ್ಯವಾಗಿ ಮೂರು. ಎಲ್ಲಕ್ಕಿಂತ ಹಳೆಯದು ಪಿಆರ್‌ಕೆ: ಕಾರ್ನಿಯಾದ ಮೇಲಿನ 50 ಮೈಕ್ರಾನ್‌ನಷ್ಟು ಹೊರಪೊರೆಯನ್ನು ಸರಿಸಿ ಅದರ ಕೆಳಗೆ ಎಕ್ಸೈಮರ್ ಲೇಸರ್ ಹಾಯಿಸುವುದು. ಹೊರಪೊರೆ ಮತ್ತೆ ಬೆಳೆಯಲು ಮೂರರಿಂದ ಐದು ದಿನ ಬೇಕು. ಆ ದಿನಗಳಲ್ಲಿ ನೋವು, ನೀರು, ಬೆಳಕು ಸಹಿಸಲಾಗದ ಉರಿ ಇರುತ್ತದೆ. ಲಾಸಿಕ್‌ನಲ್ಲಿ ಸುಮಾರು 100ರಿಂದ 120 ಮೈಕ್ರಾನ್ ದಪ್ಪದ ಪದರವೊಂದನ್ನು ಒಂದು ಅಂಚು ಅಂಟಿಕೊಂಡಿರುವಂತೆಯೇ ಕತ್ತರಿಸಿ, ಪುಸ್ತಕದ ಹಾಳೆಯಂತೆ ಮಗುಚಿ, ಕೆಳಗೆ ಲೇಸರ್ ಹಾಯಿಸಿ ಮತ್ತೆ ಮುಚ್ಚುತ್ತಾರೆ. ಹೊರಪೊರೆ ಉಳಿಯುವುದರಿಂದ ನೋವು ಕಡಿಮೆ, ಮರುದಿನವೇ ನೋಟ ತಿಳಿಯಾಗುತ್ತದೆ. ಈ ಪದರ ಕತ್ತರಿಸಲು ಹಿಂದೆ ಬ್ಲೇಡ್ ಇತ್ತು; ಈಗ ಹೆಚ್ಚಾಗಿ ಫೆಮ್ಟೊಸೆಕೆಂಡ್ ಲೇಸರ್. ಅದರ ಅತಿ ಕಿರಿದಾದ, ಪ್ರಬಲ ಮಿಡಿತಗಳನ್ನು ಸಾಧ್ಯವಾಗಿಸಿದ ಸಂಶೋಧನೆಗೆ ಜೆರಾರ್ ಮುರೂ ಮತ್ತು ಡೊನಾ ಸ್ಟ್ರಿಕ್‌ಲ್ಯಾಂಡ್ 2018ರ ಭೌತಶಾಸ್ತ್ರ ನೊಬೆಲ್ ಹಂಚಿಕೊಂಡರು. ಮೂರನೆಯದು ಸ್ಮೈಲ್. ಇದರಲ್ಲಿ ಪದರ ಎತ್ತುವುದಿಲ್ಲ. ಫೆಮ್ಟೊಸೆಕೆಂಡ್ ಲೇಸರ್ ಕಾರ್ನಿಯಾದ ಒಳಗೇ ಒಂದು ತೆಳುಬಿಲ್ಲೆಯನ್ನು ಬಿಡಿಸುತ್ತದೆ, ವೈದ್ಯರು ಅದನ್ನು 2ರಿಂದ 4 ಮಿಲಿಮೀಟರ್ ಸೀಳಿನಿಂದ ಹೊರತೆಗೆಯುತ್ತಾರೆ. ಭಾರ ಹೊರುವ, ಕುಸ್ತಿ ಕಬಡ್ಡಿ ಆಡುವ, ಕಣ್ಣಿಗೆ ಪೆಟ್ಟು ಬೀಳುವ ಸಾಧ್ಯತೆ ಇರುವವರಿಗೆ ಪದರವಿಲ್ಲದ ವಿಧಾನಗಳೇ ಲೇಸು. ಲಾಸಿಕ್‌ನ ಪದರ ವರ್ಷಗಳ ನಂತರವೂ ಬಲವಾದ ಪೆಟ್ಟಿಗೆ ಜರುಗಿದ ಉದಾಹರಣೆಗಳಿವೆ.

ಯಾವ ಯಂತ್ರ ಹೊಸದು ಎಂಬುದಕ್ಕಿಂತ ಮೊದಲು ಕೇಳಬೇಕಾದದ್ದು ಕಾರ್ನಿಯಾ ಎಷ್ಟು ದಪ್ಪ ಎಂಬುದನ್ನು. 6 ಮಿಲಿಮೀಟರ್ ಅಗಲದ ವಲಯಕ್ಕೆ ಲೇಸರ್ ಹಾಯಿಸಿದರೆ ಒಂದು ಡಯಾಪ್ಟರ್‌ಗೆ ಸುಮಾರು 12 ಮೈಕ್ರಾನ್ ಕಾರ್ನಿಯಾ ಖರ್ಚಾಗುತ್ತದೆ. ಮೈನಸ್ 4 ಪವರ್ ಇದ್ದವರಿಗೆ 48 ಮೈಕ್ರಾನ್. ಲಾಸಿಕ್‌ನ ಪದರಕ್ಕೆ 110 ಕಳೆದರೂ 540ರಲ್ಲಿ 382 ಉಳಿಯಿತು, ಚಿಂತೆಯಿಲ್ಲ. ಅದೇ ಕಾರ್ನಿಯಾ 480 ಮೈಕ್ರಾನ್ ಇದ್ದು ಪವರ್ ಮೈನಸ್ 8 ಆಗಿದ್ದರೆ ಉಳಿಯುವುದು 274. ತಳದಲ್ಲಿ ಕನಿಷ್ಠ 250, ಸಾಧ್ಯವಾದರೆ 300 ಮೈಕ್ರಾನ್ ಉಳಿಯಲೇಬೇಕು ಎಂಬುದು ತಜ್ಞರು ಪಾಲಿಸುವ ಎಲ್ಲೆ. ಅದಕ್ಕಿಂತ ತೆಳುವಾದರೆ ಕಣ್ಣಿನೊಳಗಿನ ಒತ್ತಡಕ್ಕೆ ಕಾರ್ನಿಯಾ ಮುಂದಕ್ಕೆ ಉಬ್ಬತೊಡಗಬಹುದು, ಆಗ ದೃಷ್ಟಿ ಮೊದಲಿಗಿಂತ ಕೆಡುತ್ತದೆ. ಇಂಥವರಿಗೆ ಲೇಸರ್ ಬೇಡವೆಂದು ಹೇಳುವ ವೈದ್ಯರೇ ಒಳ್ಳೆಯ ವೈದ್ಯರು. ಪವರ್ ತುಂಬ ಹೆಚ್ಚಿದ್ದು ಕನ್ನಡಕ ಬಿಡಲೇಬೇಕೆಂದರೆ, ಸಹಜ ಮಸೂರದ ಮುಂದೆ ಇನ್ನೊಂದು ತೆಳು ಮಸೂರ ಕೂರಿಸುವ ಐಸಿಎಲ್ ಎಂಬ ದಾರಿಯಿದೆ.

ದಪ್ಪಕ್ಕಿಂತ ದೊಡ್ಡ ಅಪಾಯ ಆಕಾರದಲ್ಲಿ ಅಡಗಿರಬಹುದು. ಕೆರಟೋಕೋನಸ್ ಎಂಬ ಕಾಯಿಲೆಯಲ್ಲಿ ಕಾರ್ನಿಯಾ ತಾನಾಗಿ ತೆಳುವಾಗಿ ಶಂಕುವಿನಂತೆ ಚೂಪಾಗುತ್ತದೆ; ಹದಿಹರೆಯದಲ್ಲಿ ಶುರುವಾಗಿ, ಸಿಲಿಂಡರ್ ಪವರ್ ಪದೇಪದೇ ಬದಲಾಗುವುದರಿಂದ ಮಾತ್ರ ಸುಳಿವು ಕೊಡುತ್ತದೆ. ಇದು ಯುರೋಪಿನಲ್ಲಿ ಕಾಣುವುದಕ್ಕಿಂತ ಭಾರತದಲ್ಲಿ ಹೆಚ್ಚು. ಕಣ್ಣುಜ್ಜುವ ಅಭ್ಯಾಸ ಇದನ್ನು ಬೆಳೆಸುತ್ತದೆ. ದೂಳು, ಹೊಗೆ, ಅಲರ್ಜಿಯಿಂದ ಕಣ್ಣು ತುರಿಸಿ ದಿನವಿಡೀ ಉಜ್ಜಿಕೊಳ್ಳುವ ಹುಡುಗರು ಧಾರಾವಿಯ ಕಾರ್ಖಾನೆಗಳಲ್ಲಿ ಕಡಿಮೆಯಿಲ್ಲ. ಅವರ ತುರಿಕೆಗೆ ಮೊದಲು ಔಷಧ ಬೇಕು. ಕೆರಟೋಕೋನಸ್ ಇರುವ ಕಣ್ಣಿಗೆ ಲಾಸಿಕ್ ಮಾಡಿದರೆ ಅದು ಬೇಗ ಕೆಡುತ್ತದೆ. ಆದ್ದರಿಂದ ಕಾರ್ನಿಯಾದ ನಕ್ಷೆ ತೆಗೆಯುವ ಟೊಪೊಗ್ರಫಿ ಪರೀಕ್ಷೆಯಿಲ್ಲದೆ ಯಾರೂ ಈ ಚಿಕಿತ್ಸೆಗೆ ಒಪ್ಪಬಾರದು. ಕಾಂಟ್ಯಾಕ್ಟ್ ಲೆನ್ಸ್ ಕಾರ್ನಿಯಾದ ಆಕಾರವನ್ನು ತಾತ್ಕಾಲಿಕವಾಗಿ ಬದಲಿಸುವುದರಿಂದ, ಪರೀಕ್ಷೆಗೆ ಮೊದಲು ಮೆದು ಲೆನ್ಸನ್ನು ಒಂದೆರಡು ವಾರ, ಗಟ್ಟಿ ಲೆನ್ಸನ್ನು ಮೂರ್ನಾಲ್ಕು ವಾರ ಬಿಟ್ಟಿರಬೇಕು.

ಉಳಿದ ನಿಯಮಗಳನ್ನು ಬೇಗ ಹೇಳಬಹುದು. ವಯಸ್ಸು 18 ದಾಟಿರಬೇಕು, ಒಂದು ವರ್ಷದಿಂದ ಪವರ್ ಅರ್ಧ ಡಯಾಪ್ಟರ್‌ಗಿಂತ ಹೆಚ್ಚು ಬದಲಾಗಿರಬಾರದು. ಗರ್ಭಿಣಿಯರು ಮತ್ತು ಎದೆಹಾಲುಣಿಸುವವರು ಕಾಯಬೇಕು. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಸಂಧಿವಾತದಂಥ ಸ್ವರಕ್ಷಣಾ ದೋಷದ ಕಾಯಿಲೆ, ಕಣ್ಣಿಗೆ ಹರ್ಪಿಸ್ ಸೋಂಕು ಆಗಿದ್ದವರಿಗೆ ಸಾಮಾನ್ಯವಾಗಿ ಇದು ಸಲ್ಲದು. ಸಕ್ಕರೆ ಕಾಯಿಲೆಯ ಮಾತು ಬಂದಾಗ ಒಂದು ಗೊಂದಲವನ್ನೂ ಬಿಡಿಸಬೇಕು. ಮುಂಬೈಯ ಕೊಳೆಗೇರಿಗಳಲ್ಲಿ ಆದಿತ್ಯ ಜ್ಯೋತ್ ಪ್ರತಿಷ್ಠಾನ ನಡೆಸಿದ ಸಮೀಕ್ಷೆಯಲ್ಲಿ ಮಧುಮೇಹಿಗಳ ಪೈಕಿ ನೂರಕ್ಕೆ ಸುಮಾರು 15 ಮಂದಿಯ ಅಕ್ಷಿಪಟಲಕ್ಕೆ ಹಾನಿ ಕಂಡುಬಂದಿತ್ತು. ಅಂಥವರ ಕಣ್ಣು ಉಳಿಸಲು ಹಾಯಿಸುವ ಲೇಸರ್ ಬೇರೆ, ಪೊರೆಯ ಆಪರೇಷನ್ ಆದ ಮೇಲೆ ಕೆಲವರಿಗೆ ಮಾಡುವ ಲೇಸರ್ ಬೇರೆ, ಕನ್ನಡಕ ಬಿಡಿಸುವ ಲೇಸರ್ ಬೇರೆ. ಮೊದಲನೆಯದನ್ನು ಮುಂದೂಡುವಂತಿಲ್ಲ, ಕೊನೆಯದು ಇಷ್ಟವಿದ್ದವರಿಗೆ ಮಾತ್ರ.

ಹತ್ತಿರದ ಕೆಲಸ ಮಾಡುವವರು ತಿಳಿಯಲೇಬೇಕಾದ, ಆದರೆ ಜಾಹೀರಾತುಗಳಲ್ಲಿ ಕಾಣದ ವಿಷಯ ಚಾಳೀಸಿನದು. ನಲವತ್ತರ ಆಚೀಚೆ ಕಣ್ಣೊಳಗಿನ ಮಸೂರ ಬಿರುಸಾಗಿ, ಹತ್ತಿರಕ್ಕೆ ಹೊಂದಿಕೊಳ್ಳುವ ಶಕ್ತಿ ಕುಗ್ಗುತ್ತದೆ. ಕಾರ್ನಿಯಾಕ್ಕೆ ಮಾಡುವ ಲೇಸರ್ ಇದನ್ನು ತಡೆಯುವುದಿಲ್ಲ. ಮೈನಸ್ 2.5 ಪವರ್ ಇರುವ ಜರಿ ಕೆಲಸಗಾರ ಕನ್ನಡಕ ತೆಗೆದರೆ ಸರಿಯಾಗಿ 40 ಸೆಂಟಿಮೀಟರ್ ದೂರದ ಎಳೆ ಸ್ಪಷ್ಟವಾಗಿ ಕಾಣುತ್ತದೆ. ಮೈನಸ್ 3 ಇದ್ದರೆ 33 ಸೆಂಟಿಮೀಟರ್. ನಲವತ್ತೈದರಲ್ಲೂ, ಐವತ್ತರಲ್ಲೂ ಅವನು ಸೂಜಿಗೆ ದಾರ ಪೋಣಿಸಬಲ್ಲ. ಅವನ ದೋಷವೇ ಅವನ ಕಸುಬಿಗೆ ಆಸರೆ. ನಲವತ್ತರ ಹೊಸ್ತಿಲಲ್ಲಿ ಲೇಸರ್ ಮಾಡಿಸಿಕೊಂಡು ಪವರ್ ಸೊನ್ನೆಯಾದರೆ ಬೀದಿಯ ಬೋರ್ಡು ಕನ್ನಡಕವಿಲ್ಲದೆ ಕಾಣುತ್ತದೆ, ಆದರೆ ದಿನಕ್ಕೆ ಹತ್ತು ಗಂಟೆ ನೋಡಬೇಕಾದ ಎಳೆಗೆ ಓದುವ ಕನ್ನಡಕ ಬೇಕಾಗುತ್ತದೆ. ಒಂದು ಕಣ್ಣನ್ನು ದೂರಕ್ಕೂ ಇನ್ನೊಂದನ್ನು ಹತ್ತಿರಕ್ಕೂ ಹೊಂದಿಸುವ ಉಪಾಯವಿದೆ. ಎಲ್ಲರ ಮಿದುಳೂ ಅದಕ್ಕೆ ಒಗ್ಗುವುದಿಲ್ಲವಾದ್ದರಿಂದ ಮೊದಲು ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಕೆಲವು ದಿನ ಪರೀಕ್ಷಿಸಬೇಕು. ಇನ್ನು ಹತ್ತಿರದ ಕನ್ನಡಕವನ್ನು ಹಗುರವಾಗಿ ಕಾಣುವಂತಿಲ್ಲ. ಅಸ್ಸಾಮಿನ ಚಹಾ ತೋಟದ ಕೆಲಸಗಾರರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಚಾಳೀಸು ಬಂದವರಿಗೆ ಕನ್ನಡಕ ಕೊಟ್ಟದ್ದರಿಂದಲೇ ಅವರು ಕೀಳುವ ಎಲೆಯ ಪ್ರಮಾಣ ನೂರಕ್ಕೆ ಸುಮಾರು 22ರಷ್ಟು ಹೆಚ್ಚಿತು.

ಇಪ್ಪತ್ತೈದರ ಆಸುಪಾಸಿನವರ ಲೆಕ್ಕ ಬೇರೆ. ಬೆವರಿಗೆ ಜಾರುವ, ಕುಲುಮೆಯ ಮುಂದೆ ಮಂಜಾಗುವ ಕನ್ನಡಕದಿಂದ ಬಿಡುಗಡೆ ಅವರಿಗೆ ನಿಜವಾದ ಲಾಭ, ಮತ್ತು ಅದನ್ನು ಅನುಭವಿಸಲು ಹದಿನೈದು ಇಪ್ಪತ್ತು ವರ್ಷ ಮುಂದಿರುತ್ತದೆ.

ಶಸ್ತ್ರಚಿಕಿತ್ಸೆ ಎರಡೂ ಕಣ್ಣಿಗೆ ಸೇರಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಚುಚ್ಚುಮದ್ದಿಲ್ಲ; ಹನಿ ಔಷಧದಿಂದಲೇ ಕಣ್ಣು ಮರಗಟ್ಟುತ್ತದೆ, ರೋಗಿ ಎಚ್ಚರವಾಗಿಯೇ ಇರುತ್ತಾನೆ. ಕಠಿಣವಾದದ್ದು ಆಮೇಲಿನ ವಾರಗಳು. ಕಣ್ಣುಜ್ಜಬಾರದು, ರಾತ್ರಿ ಕಣ್ಣಿಗೆ ರಕ್ಷಾಕವಚ ಹಾಕಿ ಮಲಗಬೇಕು, ಮೊದಲ ಒಂದು ವಾರವಾದರೂ ತಲೆಗೆ ಹೊಯ್ದುಕೊಳ್ಳುವ ನೀರು ಕಣ್ಣಿಗೆ ಸೋಕಬಾರದು, ಆ್ಯಂಟಿಬಯೊಟಿಕ್ ಮತ್ತು ಸ್ಟಿರಾಯ್ಡ್ ಹನಿಗಳನ್ನು ಹೇಳಿದಷ್ಟು ದಿನ ಬಿಡದೆ ಹಾಕಬೇಕು. ಒಂದೇ ಕೋಣೆಯಲ್ಲಿ ಅಡುಗೆ, ಕೆಲಸ, ನಿದ್ದೆ ಎಲ್ಲ ನಡೆಯುವ ಮನೆಗೆ ಇದು ಸುಲಭದ ಪಥ್ಯವಲ್ಲ. ದೂಳಿನ ಕೆಲಸದವರು ರಜೆಯ ಏರ್ಪಾಡು ಮಾಡಿಕೊಂಡೇ ದಿನ ಗೊತ್ತುಮಾಡಬೇಕು. ಮರಳಿದ ಮೇಲೂ ಕಾಪುಗನ್ನಡಕ ಬೇಕು. ನೋವು ಹೆಚ್ಚುತ್ತಿದ್ದರೆ, ಕಣ್ಣು ಕೆಂಪೇರಿ ನೋಟ ಮಸುಕಾದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ಸೋಂಕು ಅಪರೂಪ, ಆದರೆ ತಡವಾದರೆ ಕಾರ್ನಿಯಾಕ್ಕೆ ಕಲೆ ಉಳಿಯುತ್ತದೆ.

ಸಾಮಾನ್ಯವಾಗಿ ಕಾಡುವುದು ಕಣ್ಣು ಒಣಗುವುದು. ಕತ್ತರಿಸಿಹೋದ ನರಗಳು ಬೆಳೆಯುವವರೆಗೆ, ಅಂದರೆ ಆರು ತಿಂಗಳಿನಿಂದ ವರ್ಷದವರೆಗೆ, ಕಣ್ಣೀರಿನ ಕಟ್ಟಳೆ ತಪ್ಪುತ್ತದೆ. ಕೆಲವರಿಗೆ ರಾತ್ರಿ ದೀಪಗಳ ಸುತ್ತ ಬಳೆಯಂಥ ಪ್ರಭೆ ಕಾಣುತ್ತದೆ. ರಾತ್ರಿ ಆಟೊ, ಟ್ಯಾಕ್ಸಿ ಓಡಿಸುವವರು ಇದನ್ನು ಮೊದಲೇ ಯೋಚಿಸಬೇಕು. 2009ರ ಜಾಗತಿಕ ಪರಾಮರ್ಶೆಯೊಂದು ಲಾಸಿಕ್ ಮಾಡಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 95 ಮಂದಿ ತೃಪ್ತರೆಂದು ಕಂಡಿತು. ಅಮೆರಿಕದ ಸರ್ಕಾರಿ ಅಧ್ಯಯನವೊಂದರಲ್ಲಿ, ಮೊದಲು ಪ್ರಭೆ, ಜೋಡಿಬಿಂಬದಂಥ ತೊಂದರೆಯೇ ಇಲ್ಲದಿದ್ದವರ ಪೈಕಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಮೂರು ತಿಂಗಳ ನಂತರ ಅಂಥ ಒಂದಾದರೂ ಲಕ್ಷಣ ಹೇಳಿದರು. ಅದರಿಂದ ದಿನದ ಕೆಲಸಕ್ಕೇ ಬಹಳ ತೊಡಕಾದವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಎರಡೂ ಸತ್ಯ; ಒಂದನ್ನು ಮಾತ್ರ ಹೇಳುವ ಸಲಹೆಗಾರರ ಮಾತಿಗೆ ಸಹಿ ಹಾಕಬಾರದು.

ನೌಕರಿಗಾಗಿ ಲೇಸರ್ ಮಾಡಿಸುವ ಯುವಕರು ಅಧಿಸೂಚನೆಯ ವೈದ್ಯಕೀಯ ಭಾಗವನ್ನು ಮೊದಲು ಓದಬೇಕು. ರೈಲ್ವೆಯ ಲೋಕೊ ಪೈಲಟ್ ಹುದ್ದೆಗೆ ಲಾಸಿಕ್ ಆದವರನ್ನು ತೆಗೆದುಕೊಳ್ಳುವುದಿಲ್ಲ. ವಾಯುಪಡೆಯ ಕೆಲವು ಶಾಖೆಗಳು, 20 ವರ್ಷ ತುಂಬಿದ ಮೇಲೆ ಚಿಕಿತ್ಸೆಯಾಗಿ ಕನಿಷ್ಠ 12 ತಿಂಗಳು ಕಳೆದಿರಬೇಕು ಎಂಬಂಥ ಷರತ್ತುಗಳೊಡನೆ ಒಪ್ಪುತ್ತವೆ. ಖರ್ಚು ಖಾಸಗಿ ಆಸ್ಪತ್ರೆಗಳಲ್ಲಿ ವಿಧಾನಕ್ಕೆ ತಕ್ಕಂತೆ ಹತ್ತಾರು ಸಾವಿರದಿಂದ ಲಕ್ಷ ರೂಪಾಯಿಯ ಆಚೆಗೂ ಹೋಗುತ್ತದೆ. ಪವರ್ 7.5 ಡಯಾಪ್ಟರ್‌ಗಿಂತ ಕಡಿಮೆಯಿದ್ದರೆ ಆರೋಗ್ಯ ವಿಮೆ ಸಾಮಾನ್ಯವಾಗಿ ಈ ಖರ್ಚು ಕೊಡುವುದಿಲ್ಲ. ಸಾಲ ಮಾಡಿ ಮಾಡಿಸಬೇಕಾದ ಚಿಕಿತ್ಸೆ ಇದಲ್ಲ. ಕನ್ನಡಕ ಸಾಕೋ, ಕಣ್ಣಿನಲ್ಲಿ ಬೇರೇನಾದರೂ ಕಾಯಿಲೆಯಿದೆಯೋ ಎಂದು ಮೊದಲು ತಿಳಿಯಲು ಧಾರಾವಿಯ ಪಕ್ಕದಲ್ಲೇ ಮಹಾನಗರಪಾಲಿಕೆಯ ಲೋಕಮಾನ್ಯ ತಿಲಕ್ ಆಸ್ಪತ್ರೆ, ಜನ ಸಯಾನ್ ಆಸ್ಪತ್ರೆ ಎನ್ನುವುದು, ಇದೆ.

ಕನ್ನಡಕ ಹೋದ ಮೇಲೂ ಉದ್ದ ಕಣ್ಣು ಉದ್ದವಾಗಿಯೇ ಇರುತ್ತದೆ. ಹೆಚ್ಚು ಮೈನಸ್ ಇದ್ದವರ ಅಕ್ಷಿಪಟಲ ಹರಿಯುವ, ಕಳಚುವ ಅಪಾಯ ಮೊದಲಿನಷ್ಟೇ; ಕಣ್ಣ ಮುಂದೆ ಮಿಂಚು, ತೇಲುವ ಕಪ್ಪು ಚುಕ್ಕೆಗಳು ಹಠಾತ್ತಾಗಿ ಕಂಡರೆ ತಡ ಮಾಡಬಾರದು. ತೆಳುವಾದ ಕಾರ್ನಿಯಾದ ಮೇಲೆ ಕಣ್ಣೊತ್ತಡ ಅಳೆದರೆ ಇರುವುದಕ್ಕಿಂತ ಕಡಿಮೆ ತೋರಿಸುವುದರಿಂದ ಗ್ಲಾಕೋಮಾ ಕಣ್ತಪ್ಪಿ ಹೋಗಬಹುದು. ಅರವತ್ತರಲ್ಲಿ ಪೊರೆ ಬಂದಾಗ ಕೂರಿಸುವ ಮಸೂರದ ಲೆಕ್ಕಕ್ಕೂ ಹಳೆಯ ಕಾರ್ನಿಯಾದ ಅಳತೆ ನೆರವಾಗುತ್ತದೆ. ಹಾಗಾಗಿ ಚಿಕಿತ್ಸೆಗೆ ಮುಂಚಿನ ಪವರ್, ಕಾರ್ನಿಯಾದ ದಪ್ಪ ಮತ್ತು ನಕ್ಷೆ, ತೆಗೆದ ಮೈಕ್ರಾನ್‌ಗಳ ಲೆಕ್ಕ ಇರುವ ಕಾಗದಗಳನ್ನು ಆಸ್ಪತ್ರೆಯಿಂದ ಕೇಳಿ ಪಡೆದು, ರೇಷನ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಬೇಕು. ಮುಂದೆ ಯಾವ ಕಣ್ಣಿನ ವೈದ್ಯರ ಬಳಿ ಹೋದರೂ ಲೇಸರ್ ಆಗಿದೆ ಎಂಬುದನ್ನು ಮೊದಲೇ ಹೇಳಬೇಕು.