ಗೋಡೆ ಹೇಳಿಕೊಟ್ಟ ಪಾಠ

‘ಇದೇನೋ, ಸಿಮೆಂಟ್ ಬಳಿದ ಹಾಗಿದೆಯಲ್ಲೋ!’

ಸಂಜೆ ಟ್ಯೂಬ್‌ಲೈಟ್ ಹಾಕಿದಾಗ ಹಾಲ್‌ನ ಹೊಸ ಬಣ್ಣ ನೋಡಿ ಅಜ್ಜಿ ಹೇಳಿದ ಮಾತಿದು. ಎಲ್ಲರ ಕಣ್ಣೂ ನನ್ನ ಮೇಲೆ!

ಹತ್ತು ವರ್ಷಗಳ ನಂತರ ಅಪ್ಪ ಮನೆಗೆ ಬಣ್ಣ ಹೊಡೆಸಲು ಹೊರಟಿದ್ದರು. ಅಮ್ಮನಿಗೆ ತಿಳಿ ಹಳದಿ ಇಷ್ಟ. ‘ಈಗೆಲ್ಲ ಗ್ರೇಜ್ ಅಮ್ಮ’ ಎಂದು ಹಟ ಹಿಡಿದವನು ನಾನು. ಗ್ರೇ ಮತ್ತು ಬೇಜ್ ಸೇರಿದರೆ ಗ್ರೇಜ್. ಮೊಬೈಲ್‌ನಲ್ಲಿ ಎಷ್ಟು ಚೆನ್ನಾಗಿತ್ತು! ‘ಇಂಜಿನಿಯರಿಂಗ್ ಓದುವ ಹುಡುಗ, ತಿಳಿದೇ ಹೇಳ್ತಾನೆ’ ಎಂದು ಅಪ್ಪ ನಂಬಿದರು. ಮಿಷನ್‌ನಲ್ಲಿ ಬೆರೆಸಿಕೊಟ್ಟ ಬಣ್ಣವನ್ನು ಅಂಗಡಿಯವರು ವಾಪಸ್ ಪಡೆಯಲಿಲ್ಲ. ಅಪ್ಪ ಬೈಯಲೂ ಇಲ್ಲ. ಅದೇ ಹೆಚ್ಚು ಚುಚ್ಚಿತು.

ಆಮೇಲೆ ಕೂತು ಓದಿದೆ. ಇಂಥ ಬಣ್ಣಗಳೊಳಗೆ ಹಸಿರು, ಗುಲಾಬಿ, ನೇರಳೆಯ ಛಾಯೆ ಅಡಗಿರುತ್ತದೆ. ಬೆಳಕು ಬದಲಾದಂತೆ ಅದು ಇಣುಕುತ್ತದೆ. ನಮ್ಮ ಟ್ಯೂಬ್‌ಲೈಟ್ 6500 ಕೆಲ್ವಿನ್‌ನದು; ನೀಲಿ ಬೆರೆತ ಬಿಳಿ ಬೆಳಕು. 3000 ಕೆಲ್ವಿನ್ ಬಲ್ಬ್ ಹಾಕಿದ್ದೇ ತಡ, ಗೋಡೆಗೆ ಜೀವ ಬಂತು! ಬಣ್ಣ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬುದಕ್ಕೂ 0ಯಿಂದ 100ರವರೆಗೆ ಅಂಕವಿದೆ. ಎಲ್‌ಆರ್‌ವಿ ಎನ್ನುತ್ತಾರೆ. ಕತ್ತಲೆ ಕೋಣೆಗೆ ಹೆಚ್ಚು ಅಂಕದ ಬಣ್ಣವೇ ಒಳ್ಳೆಯದು.

ಗೆಳೆಯರೇ, ಮೊದಲು ಚಿಕ್ಕ ಡಬ್ಬ ತನ್ನಿ. ಹಳೇ ಡ್ರಾಯಿಂಗ್ ಶೀಟ್‌ಗೆ ಎರಡು ಕೋಟ್ ಹೊಡೆದು ಗೋಡೆಗೆ ಅಂಟಿಸಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೋಡಿ. ಮನೆಯಲ್ಲಿ ದಿನವಿಡೀ ಇರುವವರನ್ನು ಕೇಳಿ.

ಅಡುಗೆಮನೆ ಬಾಕಿಯಿತ್ತು. ಈ ಸಲ ಶೀಟ್ ಅಂಟಿಸಿ ಅಮ್ಮನನ್ನೇ ಕೇಳಿದೆ. ಈಗ ಅಲ್ಲಿ ತಿಳಿ ಹಳದಿ!