ವಿಂಡೋಸ್ ಬಿಟ್ಟರೆ ನುಡಿ ಕಡತಗಳ ಗತಿ ಏನು?

ಪ್ರಶ್ನೆ: ನಮ್ಮದು ಡಿಟಿಪಿ ಅಂಗಡಿ. ಹಳೆಯ ಕಂಪ್ಯೂಟರ್ ವಿಂಡೋಸ್ 11 ಅನ್ನು ಒಪ್ಪುತ್ತಿಲ್ಲ. ಲಿನಕ್ಸ್ ಹಾಕಿಕೊಂಡರೆ ಕನ್ನಡದ ಕೆಲಸ ನಡೆದೀತೇ?
– ಓದುಗರು, ಹೊನ್ನಾಳಿ

ಉತ್ತರ: ಟೈಪಿಂಗ್ ಚಿಂತೆ ಬಿಡಿ. ಕೆ.ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದಿಂದ ನಿಮ್ಮ ಬೆರಳಿಗೆ ರೂಢಿಯಾದ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲಿ ‘ಕಗಪ’ ಹೆಸರಲ್ಲಿ ಮೊದಲೇ ಇದೆ, ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಂಡರಾಯಿತು.

ತೊಡಕಿರುವುದು ಹಳೆಯ ಕಡತಗಳಲ್ಲಿ. ನುಡಿಯ ಆಸ್ಕಿ ಫಾಂಟಿನ ಕಡತದೊಳಗೆ ಕನ್ನಡವೇ ಇರುವುದಿಲ್ಲ. ರೋಮನ್ ಅಕ್ಷರ, ಚಿಹ್ನೆಗಳ ಸಂಕೇತಗಳಿಗೆ ಫಾಂಟು ಕನ್ನಡದ ವೇಷ ಹಾಕಿರುತ್ತದೆ. ಫಾಂಟಿಲ್ಲದ ಕಡೆ ತೆರೆದರೆ ಬಣ್ಣ ಕಳಚಿ ಅರ್ಥವಾಗದ ಗೀಚು ಕಾಣುತ್ತದೆ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. (ವಿಂಡೋಸ್‌ನಲ್ಲೇ ಉಳಿದರೂ ಇದನ್ನು ಮಾಡಲೇಬೇಕು.)

ಪೇಜ್‌ಮೇಕರ್, ಕೋರೆಲ್‌ಡ್ರಾಗಳ ಲಿನಕ್ಸ್ ಆವೃತ್ತಿ ಈಗ ಸಿಗುವುದಿಲ್ಲ. ಮದುವೆ ಪತ್ರಿಕೆಯೇ ನಿಮ್ಮ ಅನ್ನವಾದರೆ ಒಂದು ಯಂತ್ರವನ್ನು ವಿಂಡೋಸ್‌ನಲ್ಲೇ ಇಟ್ಟುಕೊಳ್ಳಿ, ಆದರೆ ಇಂಟರ್ನೆಟ್ ಕೊಡಬೇಡಿ. ವಿಂಡೋಸ್ 10ರ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಪತ್ರ, ಅರ್ಜಿ, ಬ್ರೌಸರ್ ಕೆಲಸಗಳಿಗೆ ಲಿನಕ್ಸ್ ಧಾರಾಳ ಸಾಕು. ಮೊದಲು ಪೆನ್‌ಡ್ರೈವ್‌ನಿಂದಲೇ ನಡೆಸಿ, ನಿಮ್ಮ ಪ್ರಿಂಟರ್ ಮಾತು ಕೇಳುತ್ತದೆಯೇ ನೋಡಿ. ಆಮೇಲೆ ಹಾರ್ಡ್‌ಡಿಸ್ಕ್‌ಗೆ ಕೈ ಹಾಕಿ.